ಮಣಿಕಟ್ಟಿನ ಮೂಳೆ ಕೂಡಿಲ್ಲವೇ? ಬಿದ್ದ ದಿನದಿಂದ ಶಸ್ತ್ರಚಿಕಿತ್ಸೆಯವರೆಗೆ ಮಾಡಬೇಕಾದ್ದು

ಬೈಕ್ ಜಾರಿದಾಗ, ಕಬಡ್ಡಿ ಅಂಕಣದಲ್ಲಿ ಎದುರಾಳಿ ಎಳೆದು ಕೆಡವಿದಾಗ, ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರಿದಾಗ ಯಾರೇ ಆದರೂ ಮೊದಲು ಅಂಗೈ ಊರುತ್ತಾರೆ. ಮೈಭಾರವೆಲ್ಲ ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ವಯಸ್ಸಾದವರಲ್ಲಿ ಆಗ ಮುರಿಯುವುದು ಸಾಮಾನ್ಯವಾಗಿ ಮುಂದೋಳಿನ ಮೂಳೆಯ ತುದಿ. ಕೈ ಸೊಟ್ಟಗಾಗುತ್ತದೆ, ಊದಿಕೊಳ್ಳುತ್ತದೆ, ಮನೆಯವರು ಆಸ್ಪತ್ರೆಗೆ ಓಡುತ್ತಾರೆ. ಆ ಮೂಳೆ ಹೆಚ್ಚುಕಡಿಮೆ ಯಾವಾಗಲೂ ಕೂಡಿಕೊಳ್ಳುತ್ತದೆ; ಕೆಲವೊಮ್ಮೆ ಸೊಟ್ಟಗೆ ಕೂಡುತ್ತದೆ, ಅಷ್ಟೇ.

ಹದಿಹರೆಯದಿಂದ ನಲವತ್ತರ ಆಸುಪಾಸಿನವರ, ಅದರಲ್ಲೂ ಗಂಡಸರ ಪಾಡು ಬೇರೆ. ಅವರಲ್ಲಿ ಮುರಿಯುವುದು ಹೆಚ್ಚಾಗಿ ಹೆಬ್ಬೆರಳ ಬುಡದ ಹತ್ತಿರವಿರುವ, ಗೋಡಂಬಿಯಂತೆ ಬಾಗಿದ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದೂ ಇದೇ, ಕೂಡದೆ ಸತಾಯಿಸುವುದೂ ಇದೇ. ಮುರಿದರೂ ಕೈ ಸೊಟ್ಟಗಾಗುವುದಿಲ್ಲ, ಬಾವು ಅಷ್ಟಾಗಿ ಕಾಣುವುದಿಲ್ಲ, ಬೆರಳುಗಳೆಲ್ಲ ಆಡುತ್ತವೆ. ಎರಡು ಮೂರು ವಾರದಲ್ಲಿ ನೋವೂ ಇಳಿಯುತ್ತದೆ. ನೋವು ಇಳಿಯಿತು ಎಂದು ಮೂಳೆ ಕೂಡಿತೆಂದು ತಿಳಿಯುವುದೇ ಈ ಮೂಳೆಯ ವಿಷಯದಲ್ಲಿ ಎಲ್ಲ ಅನಾಹುತಗಳಿಗೂ ಮೂಲ. ಈ ಲೇಖನದ ಪ್ರತಿಯೊಂದು ಹೆಜ್ಜೆಯೂ ಆ ತಪ್ಪು ತಿಳಿವಳಿಕೆಯ ವಿರುದ್ಧವೇ ಇದೆ.

ಬಿದ್ದ ದಿನ: ಗುಳಿಯನ್ನು ಒತ್ತಿ ನೋಡಿ

ಹೆಬ್ಬೆರಳನ್ನು ಲಿಫ್ಟ್ ಕೇಳುವವರಂತೆ ಚಾಚಿ, ಮೇಲಕ್ಕೆತ್ತಿ. ಅದರ ಬುಡದಲ್ಲಿ, ಕೈಯ ಹಿಂಬದಿಯಲ್ಲಿ, ಎರಡು ಸ್ನಾಯುರಜ್ಜುಗಳು ಬಿಗಿಯಾಗಿ ಎದ್ದು ನಿಲ್ಲುತ್ತವೆ. ಅವುಗಳ ನಡುವೆ ಒಂದು ಪುಟ್ಟ ಗುಳಿ ಬೀಳುತ್ತದೆ. ಹಿಂದೆ ನಶ್ಯ ಸೇದುವವರು ಚಿಟಿಕೆ ಪುಡಿಯನ್ನು ಇಟ್ಟುಕೊಳ್ಳುತ್ತಿದ್ದುದು ಇಲ್ಲೇ. ಸ್ಕೇಫಾಯ್ಡ್ ಇರುವುದು ಈ ಗುಳಿಯ ತಳದಲ್ಲಿ. ಇನ್ನೊಂದು ಕೈಯ ತೋರುಬೆರಳ ತುದಿಯಿಂದ ಅಲ್ಲಿ ಒತ್ತಿ. ಪೆಟ್ಟಾಗದ ಕೈಯಲ್ಲೂ ಇಲ್ಲಿ ಸ್ವಲ್ಪ ಚುರುಕ್ಕೆನ್ನುತ್ತದೆ, ಆದ್ದರಿಂದ ಎರಡೂ ಕೈಗಳನ್ನು ಹೋಲಿಸಿ ನೋಡಬೇಕು. ಆಮೇಲೆ ಅಂಗೈ ಬದಿಯಲ್ಲಿ, ಹೆಬ್ಬೆರಳ ದಿಂಡು ಮಣಿಕಟ್ಟಿನ ಗೆರೆಯನ್ನು ಸೇರುವಲ್ಲಿರುವ ಗಟ್ಟಿ ಉಬ್ಬನ್ನು ಒತ್ತಿ. ಮೂರನೆಯದಾಗಿ, ಹೆಬ್ಬೆರಳನ್ನು ಹಿಡಿದು ಅದರ ಉದ್ದಕ್ಕೂ ಮಣಿಕಟ್ಟಿನ ಕಡೆಗೆ ಮೆಲ್ಲಗೆ ತಳ್ಳಿ.

ಈ ಮೂರರಲ್ಲಿ ಒಂದು ಕಡೆ ನೋವಿದ್ದರೂ ಉಳುಕು ಎಂದು ಸುಮ್ಮನಾಗಬೇಡಿ. ಎಣ್ಣೆ ಹಚ್ಚಿ ತಿಕ್ಕಿಸುವುದು, ಉಳುಕು ತೆಗೆಯುವವರ ಬಳಿ ಕೈ ಎಳೆಸುವುದು ಬೇಡವೇ ಬೇಡ. ನಾಟಿ ಪದ್ಧತಿಯಲ್ಲಿ ಮೂಳೆ ಕಟ್ಟುವವರ ಬಗ್ಗೆ ನನಗೆ ತಾತ್ಸಾರವಿಲ್ಲ. ಆಸ್ಪತ್ರೆ ದೂರವಿರುವ, ಕೈಯಲ್ಲಿ ಕಾಸಿಲ್ಲದ ಊರುಗಳಲ್ಲಿ ಜನ ಅವರನ್ನು ನಂಬಿದ್ದಾರೆ ಎಂದರೆ ಅದಕ್ಕೆ ಕಾರಣವಿದೆ. ಆದರೆ ಅವರ ಕೌಶಲವೆಲ್ಲ ನಿಂತಿರುವುದು ಬೆರಳಿಗೆ ಸಿಗುವ ಮುರಿತದ ಮೇಲೆ. ಈ ಮುರಿತ ಬೆರಳಿಗೆ ಸಿಗುವುದಿಲ್ಲ. ನೋವು ತಾನಾಗಿ ಇಳಿಯುವ ಹೊತ್ತಿಗೆ ಕಟ್ಟನ್ನೂ ಬಿಚ್ಚುತ್ತಾರೆ, ಹೆಸರು ಎಣ್ಣೆಗೆ ಬರುತ್ತದೆ, ಮೂಳೆ ಮಾತ್ರ ಎರಡು ತುಂಡಾಗಿಯೇ ಉಳಿಯುತ್ತದೆ.

ಮೊದಲ ಎರಡು ವಾರ: ಎಕ್ಸ್‌ರೇಯನ್ನು ಒಂದೇ ಸಲಕ್ಕೆ ನಂಬಬೇಡಿ

ಮಣಿಕಟ್ಟಿನ ಎಕ್ಸ್‌ರೇ ಎಂದರೆ ಹಲವು ಕಡೆ ಎರಡು ಚಿತ್ರ ತೆಗೆದು ಕಳುಹಿಸುತ್ತಾರೆ: ಒಂದು ನೇರ, ಒಂದು ಪಕ್ಕದಿಂದ. ಸ್ಕೇಫಾಯ್ಡ್ ಮಣಿಕಟ್ಟಿನೊಳಗೆ ಓರೆಯಾಗಿ ಕುಳಿತಿರುವುದರಿಂದ ಆ ಎರಡರಲ್ಲಿ ಅದರ ಪೂರ್ತಿ ಉದ್ದ ಕಾಣುವುದಿಲ್ಲ. ಕೈಯನ್ನು ಕಿರುಬೆರಳ ಕಡೆಗೆ ತಿರುಗಿಸಿ ತೆಗೆಯುವ ಚಿತ್ರವೊಂದಿದೆ. ‘ಸ್ಕೇಫಾಯ್ಡ್ ವ್ಯೂ’ ಎಂದರೆ ಎಕ್ಸ್‌ರೇ ಕೋಣೆಯವರಿಗೆ ಗೊತ್ತಾಗುತ್ತದೆ. ಅದನ್ನು ಬರೆದುಕೊಡಿ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಅದನ್ನೂ ತೆಗೆಸಿದ ಮೇಲೆಯೂ ಮೊದಲ ದಿನದ ಚಿತ್ರದಲ್ಲಿ ಕೆಲವು ಮುರಿತಗಳು ಕಾಣುವುದಿಲ್ಲ. ಕೂದಲೆಳೆಯಷ್ಟು ಬಿರುಕು ಕಾಣಬೇಕಾದರೆ ಮುರಿದ ಅಂಚಿನ ಮೂಳೆ ಸ್ವಲ್ಪ ಕರಗಬೇಕು, ಅದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಆದ್ದರಿಂದ ಜಗತ್ತಿನಾದ್ಯಂತ ಒಪ್ಪಿತವಾದ ಕ್ರಮವೊಂದಿದೆ. ಗುಳಿಯಲ್ಲಿ ನೋವಿದ್ದು ಎಕ್ಸ್‌ರೇ ‘ಸರಿಯಾಗಿದೆ’ ಎಂದು ಬಂದರೂ ಕೈಗೆ ಪಟ್ಟಿ ಅಥವಾ ಪ್ಲಾಸ್ಟರ್ ಹಾಕಿ, ಎರಡು ವಾರದೊಳಗೆ ಮತ್ತೆ ಪರೀಕ್ಷಿಸಬೇಕು. ಅನುಕೂಲವಿದ್ದರೆ ಎಂ.ಆರ್.ಐ. ಮಾಡಿಸಬಹುದು, ಅದರಲ್ಲಿ ಒಂದೆರಡು ದಿನದಲ್ಲೇ ಮುರಿತ ತಿಳಿಯುತ್ತದೆ. ಖರ್ಚು ಜಾಸ್ತಿ ಎನಿಸಿದರೆ ಎರಡು ವಾರ ಕೈಯನ್ನು ಅಲುಗಿಸದೆ ಕಾಯುವುದು ತಪ್ಪಲ್ಲ. ಎರಡನೆಯ ಸಲ ಹೋಗದೇ ಇರುವುದು ತಪ್ಪು. ಬಿದ್ದು ನಾಲ್ಕು ವಾರ ಕಳೆದ ಮೇಲೆ ಚಿಕಿತ್ಸೆ ಶುರುವಾದವರಲ್ಲಿ ಮೂಳೆ ಕೂಡದೆ ಉಳಿಯುವ ಸಾಧ್ಯತೆ ಗಣನೀಯವಾಗಿ ಏರುತ್ತದೆ.

ಮೊದಲ ದಿನದ ಚೀಟಿ, ಎಕ್ಸ್‌ರೇ ಫಿಲ್ಮು ಅಥವಾ ಸಿ.ಡಿ., ಎರಡನ್ನೂ ಜೋಪಾನ ಮಾಡಿ. ಮುಂದೆ ಯಾವ ಶಸ್ತ್ರಚಿಕಿತ್ಸಕರ ಬಳಿ ಹೋದರೂ ಅವರು ಕೇಳುವ ಮೊದಲ ಪ್ರಶ್ನೆ ‘ಹಳೆಯ ಎಕ್ಸ್‌ರೇ ಇದೆಯೇ?’ ಎಂಬುದು.

ಈ ಮೂಳೆ ಏಕಿಷ್ಟು ಹಟ ಮಾಡುತ್ತದೆ

ಇದನ್ನು ತಿಳಿದುಕೊಂಡರೆ ಮುಂದಿನ ಚಿಕಿತ್ಸೆಗಳ ತರ್ಕವೆಲ್ಲ ತಾನಾಗಿ ಅರ್ಥವಾಗುತ್ತದೆ. ಸ್ಕೇಫಾಯ್ಡ್‌ಗೆ ರಕ್ತ ಬರುವುದು ಹಿಮ್ಮುಖವಾಗಿ. ಮುಖ್ಯ ರಕ್ತನಾಳಗಳು ಬೆರಳುಗಳ ಕಡೆಯ ಅರ್ಧದಲ್ಲಿ ಮೂಳೆಯನ್ನು ಹೊಕ್ಕು, ಅಲ್ಲಿಂದ ಮೊಣಕೈ ಕಡೆಗೆ ಹಿಂದಿರುಗಿ ಹರಿಯುತ್ತವೆ. ನಡು ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತದ ದಾರಿ ಕಡಿದುಹೋಗಬಹುದು. ಮುರಿತ ಆ ತುದಿಗೆ ಹತ್ತಿರವಾದಷ್ಟೂ ತುಂಡು ಚಿಕ್ಕದು, ರಕ್ತ ಕಡಿಮೆ, ಕೂಡುವುದು ನಿಧಾನ. ಕೆಲವರಲ್ಲಿ ಆ ತುಂಡು ಸತ್ತೇ ಹೋಗುತ್ತದೆ.

ಇನ್ನೊಂದು ತೊಡಕಿದೆ. ಮೂಳೆಯ ಮೇಲ್ಮೈಯ ಬಹುಭಾಗ, ಸುಮಾರು ಶೇ 80ರಷ್ಟು, ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿದೆ. ತೊಡೆಮೂಳೆಯೋ ಮೊಣಕಾಲ ಕೆಳಗಿನ ಮೂಳೆಯೋ ಮುರಿದರೆ ಹೊರಪದರದಿಂದ ಹೊಸ ಮೂಳೆಯ ಗಂಟು ಬೆಳೆದು ಮುರಿತವನ್ನು ಬಿಗಿದು ಹಿಡಿಯುತ್ತದೆ. ಇಲ್ಲಿ ಆ ಗಂಟು ಬೆಳೆಯಲು ಜಾಗವೇ ಇಲ್ಲ. ಮುರಿದ ಎರಡು ಮುಖಗಳು ಒಂದಕ್ಕೊಂದು ಒತ್ತಿ, ಅಲುಗಾಡದೆ ಕುಳಿತರೆ ಮಾತ್ರ ನೇರವಾಗಿ ಬೆಸೆದುಕೊಳ್ಳುತ್ತವೆ. ಅವು ಅಲುಗಾಡದೆ ಕೂರುವುದೂ ಕಷ್ಟ. ಸ್ಕೇಫಾಯ್ಡ್ ಮಣಿಕಟ್ಟಿನ ಎರಡು ಸಾಲು ಮೂಳೆಗಳನ್ನು ಜೋಡಿಸುವ ಕೊಂಡಿ. ಕೊಂಡಿ ಮುರಿದಾಗ ಒಂದು ತುಂಡು ಮುಂದೋಳಿನ ಕಡೆಯ ಮೇಲಿನ ಸಾಲಿನ ಜೊತೆ ಹಿಂದಕ್ಕೂ ಇನ್ನೊಂದು ತುಂಡು ಮುಂದಕ್ಕೂ ವಾಲುತ್ತದೆ. ನಡುವೆ ಗೂನು ಬೀಳುತ್ತದೆ.

ಇವೆಲ್ಲದರ ಮೇಲೆ ಹೊಗೆಸೊಪ್ಪು. ಬೀಡಿ, ಸಿಗರೇಟು ಸೇದುವವರಲ್ಲಿ ಈ ಮೂಳೆ ಕೂಡುವ ಸಾಧ್ಯತೆ ಕುಗ್ಗುತ್ತದೆ, ಶಸ್ತ್ರಚಿಕಿತ್ಸೆಯ ನಂತರವೂ ಅಷ್ಟೇ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವವರು ‘ನಾನು ಸೇದುವುದಿಲ್ಲವಲ್ಲ’ ಎಂದು ಜಾರಿಕೊಳ್ಳುವಂತಿಲ್ಲ. ರಕ್ತನಾಳಗಳನ್ನು ಕುಗ್ಗಿಸುವ ನಿಕೋಟಿನ್ ಅದರಲ್ಲೂ ಇದೆ.

ಪ್ಲಾಸ್ಟರ್ ಇರುವಾಗ, ಬಿಚ್ಚುವ ಮುನ್ನ

ಮೂಳೆಯ ನಡುಭಾಗದಲ್ಲಿ ಸ್ಥಾನ ತಪ್ಪದ ಮುರಿತಕ್ಕೆ ಪ್ಲಾಸ್ಟರ್ ಸಾಕು. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ. ಹೆಬ್ಬೆರಳನ್ನು ಪ್ಲಾಸ್ಟರಿನೊಳಗೆ ಸೇರಿಸಬೇಕೇ ಬೇಡವೇ ಎಂಬ ಹಳೆಯ ವಾದವಿದೆ. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ, ಅದಕ್ಕಾಗಿ ವೈದ್ಯರ ಜೊತೆ ಜಗಳ ಬೇಡ. ತುಂಡುಗಳು ಒಂದು ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಅಥವಾ ಮುರಿತ ಮೊಣಕೈ ಕಡೆಯ ತುದಿಯಲ್ಲಿದ್ದರೆ ಆರಂಭದಲ್ಲೇ ಸ್ಕ್ರೂ ಹಾಕಿಸುವ ಮಾತು ಬರುತ್ತದೆ. ಬ್ರಿಟನ್ನಿನಲ್ಲಿ 439 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಸ್ವಿಫ್ಟ್’ ಎಂಬ ಅಧ್ಯಯನ ನಡುಭಾಗದ, ಎರಡು ಮಿಲಿಮೀಟರಿನೊಳಗೆ ಸರಿದ ಮುರಿತಗಳನ್ನು ತೆಗೆದುಕೊಂಡು, ಮೊದಲೇ ಸ್ಕ್ರೂ ಹಾಕಿದವರಿಗೂ ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಒಂದು ವರ್ಷದ ಕೊನೆಗೆ ಕೈಯ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಇದಕ್ಕೆ ಒಂದು ಕಟ್ಟುಪಾಡಿತ್ತು, ಅದನ್ನು ಯಾರೂ ಮರೆಯಬಾರದು: ಪ್ಲಾಸ್ಟರಿನಲ್ಲಿ ಕೂಡುತ್ತಿಲ್ಲ ಎಂದು ಖಚಿತವಾದವರಿಗೆ ತಡಮಾಡದೆ ಸ್ಕ್ರೂ ಹಾಕಬೇಕು. ಎಂದರೆ ‘ಪ್ಲಾಸ್ಟರ್ ಹಾಕಿ ಕಾಯೋಣ’ ಎಂಬುದು ಒಳ್ಳೆಯ ಸಲಹೆ. ‘ಪ್ಲಾಸ್ಟರ್ ಹಾಕಿ ಮರೆಯೋಣ’ ಎಂಬುದು ಕೆಟ್ಟದ್ದು.

ಪ್ಲಾಸ್ಟರ್ ಹಾಕಿದ ಮೇಲೆ ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದು ಬಿಡದಿದ್ದರೆ, ನೋವು ಏರುತ್ತಲೇ ಹೋದರೆ ಅಂದೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಬಿಚ್ಚುವ ದಿನ ಬಂದಾಗ ಒಂದು ಪ್ರಶ್ನೆ ಕೇಳಿ: ‘ಕೂಡಿದೆ ಎಂದು ಯಾವುದರಿಂದ ಹೇಳುತ್ತಿದ್ದೀರಿ?’ ಬರಿ ಎಕ್ಸ್‌ರೇ ನೋಡಿ ಈ ಮೂಳೆ ಕೂಡಿದೆಯೆಂದು ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಬೇಕು, ಅದೂ ಮೂಳೆಯ ಉದ್ದಕ್ಕೆ ಸರಿಯಾಗಿ ಸೀಳಿ ನೋಡುವ ಚಿತ್ರಗಳೊಂದಿಗೆ. ಮುರಿತದ ಅಗಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂಳೆಯಿಂದ ಬೆಸೆದಿದ್ದರೆ ಕೈಯನ್ನು ಮೆಲ್ಲಗೆ ಬಳಕೆಗೆ ತರಬಹುದು ಎಂಬುದು ಹೆಚ್ಚಿನ ವೈದ್ಯರ ಲೆಕ್ಕ.

ಕೂಡಿಲ್ಲ ಎಂದು ತಿಳಿದಾಗ

ಸಾಮಾನ್ಯವಾಗಿ ಹೀಗೆ ಆಗುತ್ತದೆ. ಪೊಲೀಸ್ ನೇಮಕಾತಿಗೆ ತಯಾರಿ ಮಾಡುವ ಹುಡುಗ ದಂಡ ಹೊಡೆಯಲು ಅಂಗೈ ಊರುತ್ತಾನೆ, ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಚಳುಕು ಹೊಡೆಯುತ್ತದೆ. ಅಂಗೈಯ ಬದಲು ಮುಷ್ಟಿ ಊರಿದರೆ ನೋವಿಲ್ಲ, ಹಾಗೆಯೇ ಮುಂದುವರಿಸುತ್ತಾನೆ. ಗುಂಡು ಎಸೆತದಲ್ಲಿ ಕೈ ಸೋಲುತ್ತದೆ. ಎಕ್ಸ್‌ರೇ ತೆಗೆದಾಗ ಮೂಳೆಯ ನಡುವೆ ಅಂಚು ಗಟ್ಟಿಯಾದ ಕಪ್ಪು ಗೆರೆ. ‘ಯಾವಾಗ ಬಿದ್ದೆ?’ ಎಂದರೆ ನೆನಪೇ ಆಗುವುದಿಲ್ಲ; ಆಮೇಲೆ ಎರಡು ವರ್ಷದ ಹಿಂದಿನ ವಾಲಿಬಾಲ್ ಪಂದ್ಯ ನೆನಪಾಗುತ್ತದೆ.

ವರದಿಯಲ್ಲಿ ಕಾಣುವ ಪದಗಳನ್ನು ಹೀಗೆ ಓದಿಕೊಳ್ಳಿ. ‘ಡಿಲೇಡ್ ಯೂನಿಯನ್’ ಎಂದರೆ ಕೂಡುವುದು ತಡವಾಗಿದೆ, ಇನ್ನೂ ಆಸೆಯಿದೆ. ‘ನಾನ್‌ಯೂನಿಯನ್’ ಎಂದರೆ ಇನ್ನು ತಾನಾಗಿ ಕೂಡುವುದಿಲ್ಲ. ಆರು ತಿಂಗಳಾದರೂ ಕೂಡದಿದ್ದರೆ ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ. ‘ಸ್ಕ್ಲೆರೋಸಿಸ್’ ಎಂದರೆ ಮುರಿದ ಅಂಚುಗಳು ಗಟ್ಟಿಯಾಗಿ ಮುಚ್ಚಿಕೊಂಡಿವೆ. ‘ಸಿಸ್ಟ್’ ಎಂದರೆ ಮುರಿತದ ಸುತ್ತ ಮೂಳೆ ಕರಗಿ ಪೊಳ್ಳಾಗಿದೆ. ‘ಹಂಪ್‌ಬ್ಯಾಕ್’ ಎಂದರೆ ಆಗಲೇ ಹೇಳಿದ ಗೂನು. ‘ಎವಿಎನ್’ ಎಂದಿದ್ದರೆ ಒಂದು ತುಂಡಿಗೆ ರಕ್ತ ನಿಂತಿದೆ ಎಂಬ ಅನುಮಾನ. ‘ಸ್ನ್ಯಾಕ್’ ಎಂದಿದ್ದರೆ ಕೂಡದ ಮೂಳೆಯಿಂದಾಗಿ ಕೀಲು ಸವೆಯಲು ಶುರುವಾಗಿದೆ. ಅದರ ಪಕ್ಕದಲ್ಲಿರುವ ಹಂತದ ಸಂಖ್ಯೆಯನ್ನು ಗಮನಿಸಿ.

ಶಸ್ತ್ರಚಿಕಿತ್ಸಕರ ಮುಂದೆ ಕುಳಿತಾಗ ಕೇಳಬೇಕಾದ್ದು ನಾಲ್ಕೇ: ಮುರಿತ ಮೂಳೆಯ ಯಾವ ಭಾಗದಲ್ಲಿದೆ, ಗೂನು ಬಿದ್ದಿದೆಯೇ, ಮೊಣಕೈ ಕಡೆಯ ತುಂಡಿಗೆ ಜೀವವಿದೆಯೇ, ಕೀಲು ಸವೆದಿದೆಯೇ. ಮುಂದಿನದೆಲ್ಲ ಈ ಉತ್ತರಗಳ ಮೇಲೆ ನಿಂತಿದೆ. ಮೊದಲೆರಡಕ್ಕೆ ಸಿ.ಟಿ., ಮೂರನೆಯದಕ್ಕೆ ಎಂ.ಆರ್.ಐ. ನೆರವಾಗುತ್ತದೆ. ತುಂಡಿಗೆ ಜೀವವಿದೆಯೇ ಎಂಬುದರ ಕೊನೆಯ ಸಾಕ್ಷಿ ಸಿಗುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ತೋಳಿಗೆ ಬಿಗಿದ ರಕ್ತತಡೆ ಪಟ್ಟಿಯನ್ನು ಸಡಿಲಿಸಿ, ಕೆರೆದ ಮೂಳೆಯಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕಿಗಳಾಗಿ ರಕ್ತ ಒಸರುತ್ತದೆಯೇ ಎಂದು ನೋಡುತ್ತಾರೆ.

‘ನೋವೇ ಇಲ್ಲ, ಸುಮ್ಮನೆ ಬಿಟ್ಟರೆ?’ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಕೂಡದ ಸ್ಕೇಫಾಯ್ಡ್ ಇಟ್ಟುಕೊಂಡು ಐದು ಹತ್ತು ವರ್ಷ ಕಳೆದವರನ್ನು ಪರೀಕ್ಷಿಸಿದಾಗ ಬಹುತೇಕ ಎಲ್ಲರ ಕೀಲಿನಲ್ಲೂ ಸವೆತ ಕಂಡುಬಂದಿದೆ. ಆ ಅಧ್ಯಯನಗಳಲ್ಲಿ ಇದ್ದವರು ನೋವೆಂದು ಆಸ್ಪತ್ರೆಗೆ ಬಂದವರು. ನೋವಿಲ್ಲದೆ ಮನೆಯಲ್ಲೇ ಉಳಿದವರ ಲೆಕ್ಕ ಅದರಲ್ಲಿಲ್ಲ. ಹಾಗಿದ್ದರೂ ಇಪ್ಪತ್ತೈದರ ಹುಡುಗನಿಗೆ ‘ಬಿಟ್ಟುಬಿಡು’ ಎನ್ನುವ ಧೈರ್ಯ ನನಗಂತೂ ಬರುವುದಿಲ್ಲ. ಎಪ್ಪತ್ತರ ಅಜ್ಜನಿಗೆ, ನೋವಿಲ್ಲದಿದ್ದರೆ, ಬಿಡುವುದೇ ಸರಿ.

ಶಸ್ತ್ರಚಿಕಿತ್ಸೆ: ಏನು, ಎಲ್ಲಿ, ಹೇಗೆ

ನಾನ್‌ಯೂನಿಯನ್ ಖಚಿತವಾದ ಮೇಲೆ ಮತ್ತೆ ಪ್ಲಾಸ್ಟರ್ ಹಾಕಿ ಕಾಯುವುದರಿಂದ ಉಪಯೋಗವಿಲ್ಲ. ಕ್ಯಾಲ್ಸಿಯಂ ಮಾತ್ರೆ ನುಂಗಿದರೆ, ಮೂಳೆ ಸೂಪು ಕುಡಿದರೆ ಗಟ್ಟಿಯಾಗಿ ಮುಚ್ಚಿಕೊಂಡ ಅಂಚುಗಳು ಬೆಸೆಯುವುದಿಲ್ಲ. ವಿಟಮಿನ್ ಡಿ ಕೊರತೆಯಿದ್ದರೆ ಸರಿಪಡಿಸಿಕೊಳ್ಳಿ. ಅದು ಪೂರಕ ಮಾತ್ರ.

ಮುರಿತ ಸಾಲಿನಲ್ಲೇ ಇದ್ದು ಪೊಳ್ಳಾಗಿರದಿದ್ದರೆ ಸ್ಕ್ರೂ ಒಂದೇ ಸಾಕಾಗಬಹುದು. ಈ ಸ್ಕ್ರೂಗೆ ತಲೆಯಿಲ್ಲ. ಆಸ್ಟ್ರೇಲಿಯಾದ ವೈದ್ಯ ಟಿಮೊಥಿ ಹರ್ಬರ್ಟ್ ರೂಪಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದ್ದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ. ಎರಡು ತುದಿಗಳಲ್ಲಿ ತಿರುಪಿನ ಅಂತರ ಬೇರೆ ಬೇರೆಯಾಗಿರುವುದರಿಂದ ತಿರುಗಿಸಿದಷ್ಟೂ ಎರಡು ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಸ್ಕ್ರೂ ಪೂರ್ತಿಯಾಗಿ ಮೂಳೆಯೊಳಗೆ ಹುದುಗುತ್ತದೆ. ತೊಂದರೆ ಕೊಡದಿದ್ದರೆ ಅದನ್ನು ತೆಗೆಸುವ ಅಗತ್ಯವಿಲ್ಲ.

ಪೊಳ್ಳು ಅಥವಾ ಗೂನು ಇದ್ದರೆ ಮೂಳೆ ಕಸಿ ಬೇಕು. ಸತ್ತ ಅಂಚುಗಳನ್ನು ಕೆರೆದು ತೆಗೆದು, ಆ ಜಾಗಕ್ಕೆ ಸೊಂಟದ ಏಣಿನಿಂದ ಅಥವಾ ಮುಂದೋಳಿನ ಮೂಳೆಯ ತುದಿಯಿಂದ ತೆಗೆದ ಮೂಳೆಯನ್ನು ತುಂಬಿ, ಸ್ಕ್ರೂ ಅಥವಾ ತಂತಿಯಿಂದ ಬಿಗಿಯುತ್ತಾರೆ. ಸೊಂಟದಿಂದ ಮೂಳೆ ತೆಗೆಸಿಕೊಂಡವರಿಗೆ ಮೊದಲ ಕೆಲವು ದಿನ ಕೈಗಿಂತ ಸೊಂಟವೇ ಹೆಚ್ಚು ನೋಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಗಾಬರಿಯಾಗುತ್ತಾನೆ. ಈ ವಿಧಾನದಲ್ಲಿ ಶೇ 80ರಿಂದ 90ರಷ್ಟು ಜನರಲ್ಲಿ ಮೂಳೆ ಕೂಡುತ್ತದೆ. ತುಂಡಿಗೆ ರಕ್ತ ನಿಂತಿದ್ದರೆ ಯಶಸ್ಸು ಇಳಿಯುತ್ತದೆ. ಆಗ ರಕ್ತನಾಳದ ಸಮೇತ ಮೂಳೆಯ ತುಣುಕನ್ನು ಮುಂದೋಳಿನಿಂದ ತಿರುಗಿಸಿ ತರುತ್ತಾರೆ, ಇಲ್ಲವೇ ಮೊಣಕಾಲಿನ ಒಳಬದಿಯಿಂದ ತಂದು ಸೂಕ್ಷ್ಮದರ್ಶಕದ ಕೆಳಗೆ ನಾಳಗಳನ್ನು ಹೊಲಿಯುತ್ತಾರೆ. ಎರಡನೆಯದನ್ನು ಎಲ್ಲರೂ ಮಾಡುವುದಿಲ್ಲ, ಕೈ ಶಸ್ತ್ರಚಿಕಿತ್ಸೆಯಲ್ಲೇ ತರಬೇತಿ ಪಡೆದವರನ್ನು ಹುಡುಕಿಕೊಂಡು ಹೋಗಬೇಕು. ವೈದ್ಯರನ್ನು ‘ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ?’ ಎಂದು ಕೇಳಿದರೆ ಅದು ಅವಮಾನವಲ್ಲ.

ಖರ್ಚಿನ ವಿಷಯ. ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ ಸರ್ಕಾರದ್ದು, ಮೂಳೆ ಚಿಕಿತ್ಸೆಗೆಂದೇ ಇರುವಂಥದ್ದು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮೂಳೆ ವಿಭಾಗವಿದೆ. ದಾಖಲಾಗುವ ಮೊದಲೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ಪಡಿತರ ಚೀಟಿ, ಆಧಾರ್ ತೋರಿಸಿ ವಿಚಾರಿಸಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಇದೆಯೇ ನೋಡಿ. ಕಾರ್ಖಾನೆ ಕೆಲಸದವರು ಇ.ಎಸ್.ಐ. ಮರೆಯಬೇಡಿ. ಬಿಲ್ಲಾದ ಮೇಲೆ ಕೇಳಿದರೆ ದಾರಿಗಳು ಮುಚ್ಚಿರುತ್ತವೆ.

ಮನೆಗೆ ಬಂದ ಮೇಲೆ

ಮೊದಲ ವಾರ ಕೈ ಎದೆಗಿಂತ ಮೇಲಿರಲಿ, ಮಲಗುವಾಗ ದಿಂಬಿನ ಮೇಲೆ. ಬೆರಳು, ಮೊಣಕೈ, ಭುಜ ಮೂರನ್ನೂ ಮೊದಲ ದಿನದಿಂದಲೇ ಆಡಿಸಬೇಕು, ಇಲ್ಲವಾದರೆ ಮೂಳೆ ಕೂಡುವ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತದೆ. ಜ್ವರ, ಗಾಯದಲ್ಲಿ ಕೀವು, ಹೆಚ್ಚುತ್ತಿರುವ ಕೆಂಪು ಕಂಡರೆ ಕೂಡಲೇ ತೋರಿಸಿ. ಪ್ಲಾಸ್ಟರ್ ಅಥವಾ ಪಟ್ಟಿ ಆರರಿಂದ ಹನ್ನೆರಡು ವಾರ ಇರಬಹುದು. ಸುಮಾರು ಮೂರು ತಿಂಗಳಿಗೆ ಸಿ.ಟಿ. ತೆಗೆಸಿ, ಬೆಸೆದಿದೆ ಎಂದು ಕಂಡ ಮೇಲೆಯೇ ಭಾರ. ಅಲ್ಲಿಯವರೆಗೆ ಬೈಕ್ ಓಡಿಸಬಾರದು, ಬಿಂದಿಗೆ ಎತ್ತಬಾರದು, ಗುದ್ದಲಿ ಹಿಡಿಯಬಾರದು. ‘ಸ್ಕ್ರೂ ಹಾಕಿದ್ದಾರೆ, ಇನ್ನೇನು’ ಎಂಬ ಭರವಸೆ ಬೇಡ. ಮೂಳೆ ಕೂಡುವ ಮೊದಲೇ ಕೈಗೆ ಭಾರ ಬಿದ್ದರೆ ಸ್ಕ್ರೂ ಸಡಿಲವಾಗುತ್ತದೆ ಅಥವಾ ಮುರಿಯುತ್ತದೆ.

ಹೊಗೆಸೊಪ್ಪನ್ನು ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ನಿಲ್ಲಿಸಿ, ಮೂಳೆ ಕೂಡುವವರೆಗೂ ಮುಟ್ಟಬೇಡಿ. ಬಿಡುವವರೆಗೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುವ ವೈದ್ಯರಿದ್ದಾರೆ. ಅವರು ಕಟುವಾಗಿ ನಡೆದುಕೊಳ್ಳುತ್ತಿದ್ದಾರೆ ಎಂದು ನನಗೆ ಅನಿಸುವುದಿಲ್ಲ.

ಕೀಲು ಆಗಲೇ ಸವೆದಿದ್ದರೆ

ಸವೆತಕ್ಕೆ ಒಂದು ಕ್ರಮವಿದೆ. ಮೊದಲು ಮುಂದೋಳಿನ ಮೂಳೆಯ ಹೆಬ್ಬೆರಳ ಬದಿಯ ಚೂಪು ತುದಿ, ಆಮೇಲೆ ಸ್ಕೇಫಾಯ್ಡ್ ಮತ್ತು ಅದರ ಪಕ್ಕದ ದೊಡ್ಡ ಮೂಳೆಯ ನಡುವೆ, ಕೊನೆಗೆ ಮಣಿಕಟ್ಟಿನ ನಡುವೆ. ಮೊದಲ ಹಂತದಲ್ಲೇ ಸಿಕ್ಕಿದರೆ ಆ ತುದಿಯನ್ನು ಕೊಂಚ ಕತ್ತರಿಸಿ, ಮೂಳೆ ಕೂಡಿಸುವ ಪ್ರಯತ್ನವನ್ನೂ ಮಾಡಬಹುದು. ಅದನ್ನು ದಾಟಿದ್ದರೆ ಗುರಿ ಬದಲಾಗುತ್ತದೆ: ನೋವು ಇಳಿಸುವುದು ಮತ್ತು ಹಿಡಿತ ಉಳಿಸುವುದು.

ಅದಕ್ಕೆ ದಾರಿಗಳು ಮೂರು. ಮೇಲಿನ ಸಾಲಿನ ಮೂರು ಮೂಳೆಗಳನ್ನು ತೆಗೆದುಬಿಡುವುದು. ಸ್ಕೇಫಾಯ್ಡ್ ತೆಗೆದು ಉಳಿದವುಗಳಲ್ಲಿ ನಾಲ್ಕನ್ನು ಒಂದಾಗಿ ಬೆಸೆಯುವುದು. ಇಡೀ ಮಣಿಕಟ್ಟನ್ನು ಗಟ್ಟಿಯಾಗಿ ಬೆಸೆಯುವುದು. ಮೊದಲೆರಡರಲ್ಲಿ ಮಣಿಕಟ್ಟಿನ ಚಲನೆ ಸರಿಸುಮಾರು ಅರ್ಧ ಉಳಿಯುತ್ತದೆ. ನಾಲ್ಕು ಮೂಳೆ ಬೆಸೆಯುವಲ್ಲಿ ಮತ್ತೆ ಅವು ಕೂಡುವುದನ್ನು ಕಾಯಬೇಕು. ಸೇದುವ ಅಭ್ಯಾಸವಿರುವವರಿಗೆ ಆ ಕಾರಣಕ್ಕೇ ಮೊದಲನೆಯದು ಮೇಲು ಎನ್ನುವವರಿದ್ದಾರೆ. ಮೂರನೆಯದರಲ್ಲಿ ಮಣಿಕಟ್ಟು ಮೇಲೆ ಕೆಳಗೆ ಆಡುವುದು ಪೂರ್ತಿ ನಿಲ್ಲುತ್ತದೆ, ಅಂಗೈ ಮಗುಚುವುದು ಮಾತ್ರ ಉಳಿಯುತ್ತದೆ. ಗಾರೆ ಕೆಲಸ, ಮರಗೆಲಸದಂಥ ಭಾರದ ದುಡಿಮೆಯವರಿಗೆ ನೋವಿಲ್ಲದ ಗಟ್ಟಿ ಕೈ ಇದರಿಂದ ಸಿಗುತ್ತದೆ.

ಪೂರ್ತಿ ಬೆಸೆಯುವುದಕ್ಕೆ ಒಪ್ಪಿಗೆ ಸಹಿ ಹಾಕುವ ಮೊದಲು ಮಣಿಕಟ್ಟು ಅಲುಗದಂತೆ ಗಟ್ಟಿ ಪಟ್ಟಿಯೊಂದನ್ನು ಹಾಕಿಕೊಡಲು ಕೇಳಿ, ಎರಡು ಮೂರು ವಾರ ಅದರಲ್ಲೇ ಬದುಕಿ ನೋಡಿ. ಅನ್ನ ಕಲಸಿ ಉಣ್ಣಿ, ಅಂಗಿಯ ಗುಂಡಿ ಹಾಕಿ, ಹಸುವಿನ ಹಾಲು ಕರೆಯಿರಿ, ಕರಣೆ ಹಿಡಿದು ಗೋಡೆಗೆ ಗಾರೆ ಬಳಿಯಿರಿ, ಶೌಚಕ್ಕೆ ಹೋಗಿ ಬನ್ನಿ. ಯಾವ ಕೆಲಸ ಆಗಲಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದಿನ ಭೇಟಿಗೆ ಒಯ್ಯಿರಿ. ಮಣಿಕಟ್ಟನ್ನು ಯಾವ ಕೋನದಲ್ಲಿ ಬೆಸೆಯಬೇಕು ಎಂದು ತೀರ್ಮಾನಿಸುವಾಗ ಶಸ್ತ್ರಚಿಕಿತ್ಸಕರಿಗೆ ಆ ಚೀಟಿ ಬೇಕಾಗುತ್ತದೆ.